ಮೂಲಪುರುಷರ ಸಂತೆ

ಬೀದರ್ ಜಿಲ್ಲೆಯಲ್ಲಿ ಮಳೆಗೆ ಬರ ಬಂದೀತು, ಮೂಲಪುರುಷರಿಗೆ ಬರವಿಲ್ಲ. ಭಾಲ್ಕಿಯಲ್ಲಿ ಮನೆತನದ ಮಾತು ತೆಗೆದರೆ ಕಲ್ಯಾಣದ ಶರಣರೊಬ್ಬರ ಹೆಸರು ಎದ್ದು ಬರುತ್ತದೆ. ಔರಾದ್ ಕಡೆಗೆ ಹೋದರೆ ಕೋಟೆ ಗೆದ್ದುಕೊಟ್ಟ ಸರದಾರ ಸಿಗುತ್ತಾನೆ, ತಾಂಡಾದಲ್ಲಿ ರಜಪೂತ ರಾಣಾ. ಬೀದರ್ ನಗರದ ಚೌಬಾರಾದ ಸುತ್ತಿನ ಓಣಿಗಳಲ್ಲಿ ಇರಾನಿನಿಂದ ಹಡಗು ಹತ್ತಿ ಬಂದ ಅಮೀರ. ಮದುವೆಯ ಮಾತುಕತೆ, ಗೃಹಪ್ರವೇಶದ ಪುಸ್ತಿಕೆ, ಸಮಾಜದ ಸಮಾವೇಶ, ವಾಟ್ಸ್‌ಆ್ಯಪ್ ಗುಂಪು, ಎಲ್ಲೆಡೆ ಈಗ ವಂಶಾವಳಿಯದೇ ಭರಾಟೆ. ಫ್ಲೆಕ್ಸ್ ಮೇಲೆ ಆಲದ ಮರ ಬಿಡಿಸುತ್ತಾರೆ. ಬೇರಿನ ಹತ್ತಿರ ಮೂಲಪುರುಷ, ತುದಿಯ ಎಲೆಗಳಲ್ಲಿ ಬೆಂಗಳೂರು, ಪುಣೆಗಳಲ್ಲಿ ಕೆಲಸಕ್ಕಿರುವ ಮೊಮ್ಮಕ್ಕಳು.

ಇದರ ಹಿಂದಿರುವ ನಂಬಿಕೆಗೆ ಮೂರು ಕಾಲುಗಳಿವೆ. ಮನೆತನದ ಮೂಲ ಹಿರಿಯರ ಬಾಯಲ್ಲಿ ಭದ್ರವಾಗಿ ಉಳಿದು ಬಂದಿದೆ ಎಂಬುದು ಮೊದಲನೆಯದು. ಅದನ್ನು ಪ್ರಶ್ನಿಸುವುದು ಸತ್ತವರಿಗೆ ಮಾಡುವ ಅವಮಾನ ಎಂಬುದು ಎರಡನೆಯದು. ‘ಹಿರ್ಯಾರು ಸುಳ್ಳ ಹೇಳ್ತಾರೇನ್ರೀ?’ ಎಂದು ಕೇಳಿಬಿಟ್ಟರೆ ಸಭೆಯಲ್ಲಿ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಒಂದಿಷ್ಟು ಹಿಗ್ಗಿಸಿ ಹೇಳಿದರೂ ಯಾರ ಗಂಟೇನು ಹೋಯಿತು ಎಂಬುದು ಮೂರನೆಯದು. ಈ ಮೂರೂ ತಪ್ಪು ಎಂಬುದು ನನ್ನ ವಾದ. ಮೂಲ ಹುಡುಕುವ ಕೆಲಸದ ಬಗ್ಗೆ ನನಗೆ ತಕರಾರಿಲ್ಲ, ಅದು ಒಳ್ಳೆಯ ಕೆಲಸ. ತಕರಾರಿರುವುದು ಹುಡುಕದೆ ಸಿಕ್ಕಿಬಿಟ್ಟ ಮೂಲದ ಬಗ್ಗೆ.

ಮೊದಲಿಗೆ ಈ ಸಂತೆಯಲ್ಲಿ ಯಾರು ಮಾರಾಟಕ್ಕಿಲ್ಲ ಎಂಬುದನ್ನು ನೋಡಿ. ಬೀದರಿನ ಪೂರ್ವದ ಗುಡ್ಡದ ಮೇಲೆ ಹಬ್ಶಿ ಕೋಟ ಇದೆ. ಬಹಮನಿ ಕಾಲದಲ್ಲಿ ಆಫ್ರಿಕಾದಿಂದ ಬಂದು ಇಲ್ಲಿ ದಂಡಾಳಾಗಿ, ದೊರೆಗಳ ಆಪ್ತರಾಗಿ ಬಾಳಿದ ಹಬ್ಶಿಗಳ ಗೋರಿಗಳು ಅಲ್ಲಿವೆ. ಅವರ ವಂಶದವರು ನಾವು ಎನ್ನುವ ಒಂದು ಮನೆಯನ್ನೂ ನಾನು ಕಂಡಿಲ್ಲ. ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಶಾಹಿಗಳ ಮೊದಲಿಗ ಕಾಸಿಂ ಬರೀದ್ ಗುಲಾಮನಾಗಿ ಇಲ್ಲಿಗೆ ಬಂದವನು. ಅವನನ್ನೂ ಯಾರೂ ಮುತ್ತಜ್ಜ ಎನ್ನುವುದಿಲ್ಲ. ನೌಬಾದಿನ ಕೆಳಗೆ ಕೆಂಪುಕಲ್ಲು ಕೊರೆದು ಸುರಂಗ ಬಾವಿ ತೋಡಿದವರು ಎಷ್ಟು ಜನರೋ. ಕೋಟೆಗೆ ಕಲ್ಲು ಹೊತ್ತವರು, ಮದರಸಾಕ್ಕೆ ಗಾರೆ ಅರೆದವರು, ನೀರು ಹೊತ್ತವರು, ಹೆಣ ಹೂತವರು ಎಷ್ಟು ಜನರೋ. ಒಂದು ರಾಜಧಾನಿಯನ್ನು ನಡೆಸಲು ಒಬ್ಬ ಅಮೀರನ ಹಿಂದೆ ನೂರು ಜನ ಬೇಕು. ಇಂದಿನ ವಂಶಾವಳಿಗಳನ್ನೆಲ್ಲ ಒಟ್ಟು ಸೇರಿಸಿದರೆ ಆ ನೂರೂ ಜನ ಮಕ್ಕಳಿಲ್ಲದೆ ಸತ್ತಿರಬೇಕು, ಅಮೀರನೊಬ್ಬನೇ ಊರು ತುಂಬ ಸಂತಾನ ಬಿಟ್ಟು ಹೋಗಿರಬೇಕು! ಲೆಕ್ಕ ಇಲ್ಲಿಗೇ ತಪ್ಪಿತು.

ದೊಡ್ಡ ಮೂಲ ಕಟ್ಟಿಕೊಳ್ಳುವ ಚಟ ನಮ್ಮ ನೆಲಕ್ಕೆ ಹೊಸದಲ್ಲ. ಅದನ್ನು ಕಲಿಸಿದವರೇ ಇಲ್ಲಿ ಆಳಿದವರು. 1347ರಲ್ಲಿ ಬಹಮನಿ ರಾಜ್ಯ ಸ್ಥಾಪಿಸಿದ ಅಲಾಉದ್ದೀನ್ ಹಸನ್ ತನ್ನನ್ನು ಇರಾನಿನ ಪುರಾಣಪ್ರಸಿದ್ಧ ವೀರ ಇಸ್ಫಂದಿಯಾರನ ಮಗ ಬಹಮನನ ವಂಶಕ್ಕೆ ಸೇರಿಸಿಕೊಂಡ. ಎರಡೂವರೆ ಶತಮಾನದ ನಂತರ ಬಿಜಾಪುರದಲ್ಲಿ ಕೂತು ಇತಿಹಾಸ ಬರೆದ ಫರಿಶ್ತಾ, ಆ ವಂಶಾವಳಿ ಹೊಗಳುಭಟರು ಕಟ್ಟಿದ್ದು ಎಂದು ತಳ್ಳಿಹಾಕಿದ. ತಳ್ಳಿಹಾಕಿ ಸುಮ್ಮನಿರಲಿಲ್ಲ. ಹಸನ್ ದಿಲ್ಲಿಯ ಗಂಗು ಎಂಬ ಬ್ರಾಹ್ಮಣನ ಹೊಲದಲ್ಲಿ ದುಡಿಯುತ್ತಿದ್ದ, ನೇಗಿಲಿಗೆ ನಿಧಿ ಸಿಕ್ಕಿತು, ಧಣಿಯ ನೆನಪಿಗೆ ‘ಬಹಮನಿ’ ಎಂಬ ಹೆಸರು ಬಂತು ಎಂಬ ಇನ್ನೊಂದು ಕಥೆ ಹೇಳಿದ. ಹಸನನ ಕಾಲದಲ್ಲೇ, 1350ರಲ್ಲಿ ಕಾವ್ಯ ಮುಗಿಸಿದ ಇಸಾಮಿಗೆ ಈ ಗಂಗು ಗೊತ್ತೇ ಇಲ್ಲ. ಎಚ್.ಕೆ. ಶೇರ್ವಾನಿಯಂಥ ಇತಿಹಾಸಕಾರರು ಗಂಗುವಿನ ಕಥೆಯನ್ನು ಒಪ್ಪಲಿಲ್ಲ. ಒಂದು ಸುಳ್ಳನ್ನು ಹಿಡಿದವನೇ ಇನ್ನೊಂದು ಸುಳ್ಳನ್ನು ನಂಬಿಬಿಡಬಹುದು ಎಂಬ ಪಾಠವೂ ಇಲ್ಲಿದೆ. ಇದೇ ಫರಿಶ್ತಾ ತನ್ನ ಧಣಿಗಳ ಮನೆತನದ ವಿಷಯ ಬಂದಾಗ ಮಾತ್ರ ಮೆತ್ತಗಾದ. ಆದಿಲ್ ಶಾಹಿಯ ಮೂಲಪುರುಷ ಯೂಸುಫ್, ತುರ್ಕಿಯ ಸುಲ್ತಾನ ಎರಡನೆಯ ಮುರಾದನ ಮಗ, ಕೂಸಿದ್ದಾಗ ಕೊಲೆಯಿಂದ ಪಾರಾಗಿ ಬಂದವನು ಎಂದು ಬರೆದ. ಅನ್ನ ಹಾಕಿದವರ ವಂಶಾವಳಿ ಬರೆಯುವಾಗ ಲೇಖಣಿ ಹೇಗೆ ಬಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇದು ಸುಲ್ತಾನರ ಚಾಳಿ ಮಾತ್ರ ಎಂದು ಯಾರೂ ಹಿಗ್ಗಬೇಕಾಗಿಲ್ಲ. ನಮ್ಮ ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡ ಚಾಲುಕ್ಯರು ಹಿಂದೆ ಬಿದ್ದಿರಲಿಲ್ಲ. ಐದನೆಯ ವಿಕ್ರಮಾದಿತ್ಯನ ಕಾಲದ ತಾಮ್ರಶಾಸನದಲ್ಲಿ, ಅಂದರೆ ಶಕೆ 930ರಲ್ಲಿ, ಈ ವಂಶದ 59 ದೊರೆಗಳು ಅಯೋಧ್ಯೆಯಲ್ಲಿ ಆಳಿದರು, ಆಮೇಲೆ 16 ಮಂದಿ ದಕ್ಷಿಣಕ್ಕೆ ಬಂದು ಆಳಿದರು ಎಂದು ಕೆತ್ತಿಸಿದ್ದಾರೆ. ಬಾದಾಮಿಯ ಚಾಲುಕ್ಯರು ಬಿದ್ದದ್ದು 8ನೇ ಶತಮಾನದ ನಡುವೆ, ಕಲ್ಯಾಣದ ಶಾಖೆಯ ತೈಲಪ ಎದ್ದದ್ದು 973ರಲ್ಲಿ. ನಡುವಿನ ಎರಡು ಶತಮಾನಗಳನ್ನು ದಾಟಲು ಶಾಸನಕವಿಗಳು ಕಟ್ಟಿದ ಸೇತುವೆಯನ್ನು ಆರ್.ಜಿ. ಭಂಡಾರ್ಕರ್ ಅವರೇ ಅನುಮಾನಿಸಿದ್ದರು. ಅಯೋಧ್ಯೆಯ ಭಾಗವನ್ನಂತೂ ಜೆ.ಎಫ್. ಫ್ಲೀಟ್ ಪುರಾಣದ ಕಲಸುಮೇಲೋಗರವೆಂದು ಪಕ್ಕಕ್ಕಿಟ್ಟರು. ಕಲ್ಯಾಣದ ಕಳಚುರಿಗಳು ತಮ್ಮನ್ನು ‘ಕಾಲಂಜರಪುರವರಾಧೀಶ್ವರ’ ಎಂದು ಕರೆದುಕೊಂಡರು. ಸವದತ್ತಿಯ ರಟ್ಟರು ಭಾಲ್ಕಿಯ ನೆರೆಯ ಲಾತೂರಿನ ಹೆಸರು ಹಿಡಿದು ‘ಲತ್ತಲೂರ್ಪುರವರಾಧೀಶ್ವರ’ ಎಂದರು. ಕೂತ ಊರಿಗಿಂತ ದೂರದ ಊರು ಯಾವಾಗಲೂ ಘನವಾಗಿ ಕಂಡಿದೆ. ಸಾವಿರ ವರ್ಷದ ಹಿಂದೆ ಕಲ್ಲಿನಲ್ಲಿ, ತಾಮ್ರದಲ್ಲಿ ಬರೆಸಿದ್ದನ್ನೇ ನಂಬಲಾಗದಿದ್ದರೆ, ಹೋದ ವರ್ಷ ಡಿಟಿಪಿ ಮಾಡಿಸಿದ್ದನ್ನು ಯಾಕೆ ನಂಬಬೇಕು?

ಈ ರೋಗ ಮನೆತನಗಳಿಂದ ಕಸುಬುಗಳಿಗೂ ಹರಡಿದೆ. ಬಿದ್ರಿ ಕಲೆಯನ್ನು ಅಬ್ದುಲ್ಲಾ ಬಿನ್ ಕೈಸರ್ ಎಂಬ ಇರಾನಿ ಕುಶಲಕರ್ಮಿ ಬಹಮನಿ ದೊರೆ ಅಹಮದ್ ಶಾನ ಕಾಲದಲ್ಲಿ ತಂದ ಎಂಬ ಮಾತು ಅಂಗಡಿಯ ಕರಪತ್ರದಿಂದ ಹಿಡಿದು ಎಲ್ಲ ಕಡೆ ಓಡಾಡುತ್ತದೆ. ಆದರೆ ಉಳಿದು ಬಂದಿರುವ ಅತಿ ಹಳೆಯ ಬಿದ್ರಿ ವಸ್ತುಗಳು 16ನೇ ಶತಮಾನದ ಕೊನೆ ಮತ್ತು 17ನೇ ಶತಮಾನದವು. ಬಿದ್ರಿಯ ಲೋಹದಲ್ಲಿ ಮುಖ್ಯವಾಗಿರುವುದು ಸತು, ಜತೆಗೆ ಸ್ವಲ್ಪ ತಾಮ್ರ. ಅದಿರಿನಿಂದ ಸತು ಇಳಿಸುವ ವಿದ್ಯೆ ರಾಜಸ್ಥಾನದ ಝಾವರಿನಲ್ಲಿ ಶತಮಾನಗಳ ಹಿಂದೆಯೇ ಪಳಗಿತ್ತು. ಬೆಳ್ಳಿ ಕೂರಿಸುವ ಕೈಚಳಕದಲ್ಲಿ ಇರಾನಿನ ಗಾಳಿ ಇರಬಹುದು, ಇರಲಿ. ಆದರೆ ಎರಕ ಹೊಯ್ದು, ಅರ ಹಾಕಿ, ಕೋಟೆಯ ಮಣ್ಣು ಕಲಸಿದ ಬಿಸಿನೀರಿನಲ್ಲಿ ಮುಳುಗಿಸಿ ಕಪ್ಪು ಬರಿಸುವ ಬೀದರಿನ ಕಾರಾಗೀರನ ಕೈಗೆ ಒಬ್ಬ ಇರಾನಿ ಅಜ್ಜನ ಶಿಫಾರಸು ಬೇಕು ಎಂದುಕೊಳ್ಳುವುದೇ ಆ ಕೈಗೆ ಮಾಡುವ ಅವಮಾನ.

ಈಗ ಎದುರು ವಾದಗಳಿಗೆ ಬರೋಣ. ‘ನಮ್ಮ ಅಡ್ಡಹೆಸರೇ ಸಾಕ್ಷಿ’ ಎನ್ನುವವರು ಮೊದಲು ಸಿಗುತ್ತಾರೆ. ಪಾಟೀಲ, ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿ, ದೇಶಮುಖ, ದೇಶಪಾಂಡೆ ಇವು ಯಾವುವೂ ವಂಶದ ಹೆಸರುಗಳಲ್ಲ. ಇವು ಹುದ್ದೆಗಳು. ಸರಕಾರಕ್ಕೆ ಕಂದಾಯ ಕೂಡಿಸಿಕೊಟ್ಟು, ಬದಲಿಗೆ ಹೊಲವನ್ನೋ ರುಸೂಮನ್ನೋ ಪಡೆಯುತ್ತಿದ್ದ ಕೆಲಸಗಳು. 1860ರ ದಶಕದಲ್ಲಿ ದಿವಾನ ಸಾಲಾರ್ ಜಂಗ್ ಹೈದರಾಬಾದ್ ಸಂಸ್ಥಾನದಲ್ಲಿ ಜಿಲ್ಲಾ ವ್ಯವಸ್ಥೆ ತಂದಾಗ ದೇಶಮುಖ, ದೇಶಪಾಂಡೆಗಳ ವಸೂಲಿಯ ಅಧಿಕಾರ ಹೋಯಿತು, ರುಸೂಮು ಉಳಿಯಿತು, ಹೆಸರೂ ಉಳಿಯಿತು. ಪಾಟೀಲ, ಪಟವಾರಿಗಳ ವಂಶಪಾರಂಪರ್ಯದ ಹುದ್ದೆಯನ್ನು 1961ರ ಗ್ರಾಮಾಧಿಕಾರಿಗಳ ರದ್ದತಿ ಕಾಯ್ದೆ ಮುಗಿಸಿತು. ಒಂದೇ ಊರಿನ ಇಬ್ಬರು ಪಾಟೀಲರು ಬೇರೆ ಬೇರೆ ಜಾತಿಯವರಾಗಿರುವುದನ್ನು, ಬೇರೆ ಬೇರೆ ಧರ್ಮದವರಾಗಿರುವುದನ್ನು ನಮ್ಮ ಜಿಲ್ಲೆಯಲ್ಲಿ ಯಾರು ಬೇಕಾದರೂ ಕಾಣಬಹುದು. ಹುದ್ದೆ ಒಂದೇ ಆದದ್ದಕ್ಕೆ ರಕ್ತವೂ ಒಂದೇ ಎಂದರೆ ಎಲ್ಲ ತಹಶೀಲ್ದಾರರೂ ಅಣ್ಣತಮ್ಮಂದಿರಾಗಬೇಕು. ಮೇಲಾಗಿ ವತನ ಕೈತಪ್ಪಬಾರದೆಂದು ದತ್ತಕ ತೆಗೆದುಕೊಂಡ ಮನೆಗಳೆಷ್ಟು, ಅಳಿಯನನ್ನೇ ಮನೆಯಲ್ಲಿಟ್ಟುಕೊಂಡ ಮನೆಗಳೆಷ್ಟು! ಅಡ್ಡಹೆಸರು ಗಟ್ಟಿಯಾಗಿ ಉಳಿದಿರುವ ಮನೆಯಲ್ಲೇ ರಕ್ತದ ಎಳೆ ಹೆಚ್ಚು ಬಾರಿ ಕಡಿದಿರುವ ಸಂಭವವಿದೆ.

ಊರ ಹೆಸರಿನ ಅಡ್ಡಹೆಸರಿಗೂ ಇದೇ ಗತಿ. ಊರಲ್ಲಿದ್ದಾಗ ಯಾರೂ ತಮ್ಮೂರಿನ ಹೆಸರು ಹಚ್ಚಿಕೊಳ್ಳುವುದಿಲ್ಲ, ಬಿಟ್ಟು ಬಂದ ಮೇಲೆ ಬೇರೆಯವರು ಹಚ್ಚುತ್ತಾರೆ. ಹಾಗಾಗಿ ಅದು ಕೊನೆಗೆ ಬಿಟ್ಟ ಊರನ್ನು ಹೇಳುತ್ತದೆಯೇ ಹೊರತು ಮೊದಲ ಊರನ್ನಲ್ಲ. ಅದೂ ಯಾವ ಊರು? ಔರಾದ್ ಎಂದರೆ ತಾಲ್ಲೂಕು ಕೇಂದ್ರವೂ ಹೌದು, ಬೀದರ್ ತಾಲ್ಲೂಕಿನಲ್ಲಿ ಔರಾದ್ (ಎಸ್) ಎಂಬ ಬೇರೆ ಊರೂ ಇದೆ. ಔರಾದ್ ತಾಲ್ಲೂಕಿನೊಳಗೇ ಕೌಠಾ (ಬಿ), ಕೌಠಾ (ಕೆ) ಎಂದು ಎರಡು ಊರು. ಬುಜುರ್ಗ್, ಖುರ್ದ್ ಎಂಬ ಬಾಲ ಕಳಚಿ ಹೇಳಿದ ಊರ ಹೆಸರು ಹಿಡಿದು ಹೋದವರು ಬೇರೆಯವರ ಮನೆದೇವರಿಗೆ ಕಾಯಿ ಒಡೆಸಿಕೊಂಡು ಬರುತ್ತಾರೆ.

‘ಮೂವರು ಅಣ್ಣತಮ್ಮಂದಿರು ಬಂದರು, ಒಬ್ಬ ಉದಗೀರಿನಲ್ಲಿ ನಿಂತ, ಒಬ್ಬ ಭಾಲ್ಕಿಯಲ್ಲಿ, ಕಿರಿಯವ ಔರಾದಿಗೆ ಹೋದ’ ಎಂಬ ಕಥೆಯೂ ನಮ್ಮಲ್ಲಿ ಬಹಳ ಮನೆಗಳಿಗೆ ಇದೆ. ವಿಚಿತ್ರವೆಂದರೆ ಅಮೆರಿಕದ ವಂಶಾವಳಿ ಸಂಶೋಧಕರಿಗೂ ಇದು ಚೆನ್ನಾಗಿ ಗೊತ್ತು. ಅಲ್ಲಿಯೂ ಹಡಗಿನಿಂದ ಇಳಿಯುವವರು ಸದಾ ಮೂವರು ಅಣ್ಣತಮ್ಮಂದಿರೇ. ಒಂದೇ ಅಡ್ಡಹೆಸರಿನವರು ಮೂರು ಊರುಗಳಲ್ಲಿ ಸಿಕ್ಕಾಗ, ಅವರಿಗೆ ಸಂಬಂಧ ಹಚ್ಚಲು ಇದಕ್ಕಿಂತ ಸುಲಭದ ಕಥೆ ಇಲ್ಲ. ಈ ಮೂವರಿಗೆ ಅಕ್ಕತಂಗಿಯರು ಇದ್ದುದನ್ನು ನಾನಂತೂ ಯಾವ ಕಥೆಯಲ್ಲೂ ಕೇಳಿಲ್ಲ.

ಇನ್ನು ಹೆಳವರ ಮಾತು. ಉತ್ತರ ಕರ್ನಾಟಕದ ಊರುಗಳಿಗೆ ಎತ್ತಿನ ಮೇಲೆ ಕೂತು ಬಂದು, ಮನೆಯ ಮುಂದೆ ನಿಂತು ತಲೆತಲಾಂತರದ ಹೆಸರುಗಳನ್ನು ಒಪ್ಪಿಸಿ, ಕಾಳು ಕಡಿ ಪಡೆದು ಹೋಗುವವರು ಹೆಳವರು. ಗಡಿಯಾಚೆ ಮರಾಠಿ ಸೀಮೆಯಲ್ಲಿ ಇವರನ್ನು ಹೆಳವಿ ಎನ್ನುತ್ತಾರೆ. ಇವರ ನೆನಪಿನ ಶಕ್ತಿಗೆ, ಹೊತ್ತು ತಿರುಗುವ ಪುಸ್ತಕಗಳಿಗೆ ನಾನು ತಲೆಬಾಗುತ್ತೇನೆ. ಆದರೆ ಅವರು ಹೇಳುವುದನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ನಮ್ಮ ಮಬ್ಬುತನ, ಅವರ ತಪ್ಪಲ್ಲ. ಹೆಳವ ಕೆಲವು ವರ್ಷಕ್ಕೊಮ್ಮೆ ಮನೆಗೆ ಬಂದು ಹುಟ್ಟಿದವರ ಹೆಸರು ಸೇರಿಸಿಕೊಂಡು ಹೋಗುತ್ತಾನೆ. ಹಾಗಾಗಿ ಹತ್ತಿರದ ನಾಲ್ಕೈದು ತಲೆಮಾರು ಬಹಳ ಮಟ್ಟಿಗೆ ಕಂಡು ಬರೆದದ್ದು. ಅದರ ಮೇಲಿನದು ಕೇಳಿ ಬರೆದದ್ದು. ತೀರಾ ತುದಿಯಲ್ಲಿ ಶಿವನ ಜಡೆಯಿಂದಲೋ ಕಲ್ಯಾಣದಿಂದಲೋ ಇಳಿಯುವ ಭಾಗ ಹಾಡು. ಆಫ್ರಿಕಾದ ಮೌಖಿಕ ಪರಂಪರೆಗಳನ್ನು ಜೀವಮಾನವಿಡೀ ಅಭ್ಯಾಸ ಮಾಡಿದ ಯಾನ್ ವಾನ್ಸಿನಾ ಇದನ್ನೇ ಹೇಳಿದರು. ಬಾಯಿಮಾತಿನ ಚರಿತ್ರೆಯಲ್ಲಿ ಮೊನ್ನೆಮೊನ್ನೆಯ ವಿವರ ದಟ್ಟವಾಗಿರುತ್ತದೆ, ಸೃಷ್ಟಿಯ ಕಥೆಯೂ ದಟ್ಟವಾಗಿರುತ್ತದೆ, ನಡುವೆ ಬರೀ ಖಾಲಿ.

ಆ ಖಾಲಿ ಜಾಗಕ್ಕೆ ಬೇಕಾದದ್ದು ಬಂದು ಕೂರುವ ಬಗೆಯನ್ನು ಜಗತ್ತೇ ಒಮ್ಮೆ ನೋಡಿದೆ. ಅಲೆಕ್ಸ್ ಹ್ಯಾಲಿಯ ‘ರೂಟ್ಸ್’ 1976ರಲ್ಲಿ ಬಂತು. ಗ್ಯಾಂಬಿಯಾದ ಹಳ್ಳಿಯೊಂದರಲ್ಲಿ ಕಥೆಗಾರನೊಬ್ಬ ತನ್ನ ಪೂರ್ವಜ ಕುಂಟಾ ಕಿಂಟೆಯ ಹೆಸರನ್ನು ಬಾಯಿಪಾಠದಲ್ಲಿ ಹೇಳಿದ ಎಂದು ಹ್ಯಾಲಿ ಬರೆದರು. ಬೆನ್ನಿಗೇ ಸಂಶೋಧಕರು ಹೋಗಿ ವಿಚಾರಿಸಿದಾಗ, ಹ್ಯಾಲಿ ಏನನ್ನು ಹುಡುಕುತ್ತಿದ್ದಾರೆ ಎಂಬುದು ಅಲ್ಲಿಯವರಿಗೆ ಮೊದಲೇ ಗೊತ್ತಿತ್ತು ಎಂಬುದು ಹೊರಬಿತ್ತು. ಅಮೆರಿಕದ ದಾಖಲೆಗಳನ್ನು ತಿರುವಿ ನೋಡಿದ ಗ್ಯಾರಿ ಮಿಲ್ಸ್, ಎಲಿಜಬೆತ್ ಮಿಲ್ಸ್ ದಂಪತಿ ಅಲ್ಲಿಯ ಸಂಬಂಧಗಳೂ ಕೂಡಿಬರುವುದಿಲ್ಲ ಎಂದು 1981ರಲ್ಲಿ ತೋರಿಸಿದರು. ಗುಲಾಮಗಿರಿ ಎಲ್ಲ ಕಾಗದಪತ್ರಗಳನ್ನೂ ಕಸಿದುಕೊಂಡ ಜನರ ಹಸಿವು ಅದು, ಅದಕ್ಕೆ ಕಾರಣವಿತ್ತು. ನಮ್ಮ ದೇಶಮುಖರಿಗೆ ಯಾವ ಕಾರಣ? ಕೇಳುವವನ ಮುಖ ನೋಡಿ ಹೇಳುವವನು ಉತ್ತರ ಕೊಡುತ್ತಾನೆ, ಅದು ಗ್ಯಾಂಬಿಯಾದಲ್ಲೂ ನಿಜ, ಔರಾದಿನಲ್ಲೂ ನಿಜ. ‘ನಮ್ಮದು ಕಲ್ಯಾಣದಿಂದ ಬಂದ ಮನೆತನ ಅಲ್ಲವೇನಪ್ಪಾ?’ ಎಂದು ಕೇಳಿದ ಧಣಿಗೆ ‘ಅಲ್ಲ’ ಎನ್ನುವ ಹೆಳವನ ಚೀಲಕ್ಕೆ ಜೋಳ ಬೀಳುತ್ತದೆಯೇ?

‘ಬಾಯಿಮಾತು ಬಿಡ್ರಿ, ನಮ್ಮ ಹತ್ರ ಕಾಗದ ಅದ’ ಎನ್ನುವವರು ಇದಕ್ಕಿಂತ ಅಪಾಯಕಾರಿ. ಭಾಲ್ಕಿ ತಾಲ್ಲೂಕಿನ ಒಂದು ಮನೆತನದವರು ಹಂಚಿದ ಪುಸ್ತಿಕೆ ನನ್ನ ಮುಂದಿದೆ. ನುಣುಪು ಕಾಗದ, ಬಣ್ಣದ ರಕ್ಷಾಪುಟ. ಮೂರನೇ ಪುಟದಲ್ಲಿ ಮೋಡಿ ಲಿಪಿಯ ಹಳೆಯ ಕಾಗದವೊಂದರ ಫೋಟೊ. ಕೆಳಗೆ ಹೀಗೆ ಅಚ್ಚಾಗಿದೆ: ಶಕೆ 1290ರಲ್ಲಿ, ಅಂದರೆ ಕ್ರಿ.ಶ. 1368ರಲ್ಲಿಯೇ ನಮ್ಮ ಮನೆತನಕ್ಕೆ ಪಾಟೀಲ್ಕಿ ಇತ್ತು. ಫೋಟೊವನ್ನು ದೊಡ್ಡದು ಮಾಡಿ ನೋಡಿದರೆ ಕಾಗದದಲ್ಲಿ ಶಕೆ ಎಂದಿಲ್ಲ, ಸನ್ 1290 ಎಂದಿದೆ. ಮಗ್ಗುಲಲ್ಲಿ ತಹಶೀಲ್ ಕಚೇರಿಯ ಮೊಹರು. 1368ರಲ್ಲಿ ಬೀದರ್ ಇನ್ನೂ ಬಹಮನಿ ರಾಜಧಾನಿಯೇ ಆಗಿರಲಿಲ್ಲ, ದೊರೆ ಕಲಬುರಗಿಯಲ್ಲಿದ್ದ. ಭಾಲ್ಕಿಯಲ್ಲಿ ತಹಶೀಲ್ ಕಚೇರಿ ಎಲ್ಲಿಂದ ಬಂತು? ಆ ಸನ್ ನಿಜಾಮರ ಕಂದಾಯದ ಫಸಲಿ ವರ್ಷ. ಫಸಲಿಗೆ 590 ಕೂಡಿಸಿದರೆ ಹೆಚ್ಚು ಕಡಿಮೆ ಇಸವಿ ಸಿಗುತ್ತದೆ. ಅಂದರೆ ಕಾಗದ 1880ರದು. ಶಕೆ ಎಂದು ಓದಿದ್ದರಿಂದ 512 ವರ್ಷ ಬಿಟ್ಟಿಯಾಗಿ ಬಂದವು. ಐದು ಶತಮಾನ ತುಂಬಿಸಲು ಸಂಪಾದಕರು ಹದಿನೈದು ಹೆಸರುಗಳನ್ನೂ ಒದಗಿಸಿದ್ದಾರೆ, ಮಾಣಿಕಪ್ಪ, ವೀರಪ್ಪ, ಮತ್ತೆ ಮಾಣಿಕಪ್ಪ, ಮತ್ತೆ ವೀರಪ್ಪ. ಮೊಮ್ಮಗನಿಗೆ ಮುತ್ಯಾನ ಹೆಸರಿಡುವ ನಮ್ಮ ರೂಢಿ ಇಂಥ ಕೆಲಸಕ್ಕೆ ಬಹಳ ಅನುಕೂಲ. ಎರಡು ಹೆಸರಿದ್ದರೆ ಎಷ್ಟು ಶತಮಾನ ಬೇಕಾದರೂ ಹಿಂದಕ್ಕೆ ಹೋಗಬಹುದು.

ಆ ಪುಸ್ತಿಕೆಯ ದುರಂತ ಬೇರೆಯೇ ಇದೆ. 1880ರ ಆ ಕಾಗದ ಅಸಲಿ. ಅದರಲ್ಲಿ ಪಾಟೀಲ್ಕಿಗಾಗಿ ತಂಟೆ ಹೂಡಿದ ಇಬ್ಬರು ದಾಯಾದಿಗಳ ಹೆಸರಿದೆ, ಸತ್ತ ಅಣ್ಣನ ಹೆಂಡತಿಯ ಅರ್ಜಿಯ ಉಲ್ಲೇಖವಿದೆ. ನೂರನಲವತ್ತೈದು ವರ್ಷದ ಹಿಂದೆ ಒಬ್ಬ ವಿಧವೆ ತನ್ನ ಮಗನ ಹಕ್ಕಿಗಾಗಿ ಕಚೇರಿಯ ಮೆಟ್ಟಿಲು ಹತ್ತಿದ್ದಾಳೆ. ಅವಳ ಹೆಸರು ಆ ಪುಸ್ತಿಕೆಯ ಆಲದ ಮರದಲ್ಲಿಲ್ಲ. ಎಂದೂ ಇರದ ಹದಿನೈದು ಗಂಡಸರಿಗೆ ಜಾಗ ಸಿಕ್ಕಿತು, ಇದ್ದ ಒಬ್ಬಳಿಗೆ ಸಿಗಲಿಲ್ಲ.

ಹಿರಿಯರಿಗೆ ಅವಮಾನ ಎಂದರೆ ಇದು.

ಹೆಣ್ಣುಮಕ್ಕಳನ್ನು ಬಿಟ್ಟು ಬರೆದ ವಂಶಾವಳಿ ಎಷ್ಟು ಪೊಳ್ಳು ಎಂಬುದಕ್ಕೆ ಸಾಮಾನ್ಯ ಲೆಕ್ಕ ಸಾಕು. ಕಲ್ಯಾಣದ ಶರಣರ ಕಾಲಕ್ಕೂ ನಮಗೂ 25 ತಲೆಮಾರು ಎಂದು ಕೈಬಿಗಿ ಹಿಡಿದೇ ಹೇಳೋಣ. ತಂದೆ ತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಹೀಗೆ ಪ್ರತಿ ತಲೆಮಾರಿಗೆ ಇಮ್ಮಡಿಸಿದರೆ 25ನೆಯದಕ್ಕೆ ಮೂರು ಕೋಟಿ ಮೂವತ್ತೈದು ಲಕ್ಷ ಪೂರ್ವಜರ ಸ್ಥಾನಗಳಾಗುತ್ತವೆ. ಸೋದರಮಾವ, ಅಕ್ಕನ ಮಗಳು, ಅತ್ತೆಯ ಮಗ ಎಂದು ಒಳಗೊಳಗೇ ಕೊಟ್ಟು ತಂದ ನಮ್ಮಲ್ಲಿ ಒಬ್ಬರೇ ಹತ್ತಾರು ಸ್ಥಾನಗಳಲ್ಲಿ ಬರುತ್ತಾರೆ, ನಿಜ. ಆದರೂ ಆ ಕೋಟಿಗಟ್ಟಲೆ ಸ್ಥಾನಗಳಲ್ಲಿ ತಂದೆಯ ತಂದೆಯ ತಂದೆ ಎಂದು ಹಿಡಿದುಕೊಂಡು ಹೋದ ಒಂದೇ ಎಳೆಯನ್ನು ‘ನಮ್ಮ ಮೂಲ’ ಎಂದು ಕರೆಯುತ್ತೇವೆ. ಕಲ್ಯಾಣದಲ್ಲಿ ಮಕ್ಕಳು ಮರಿಗಳನ್ನು ಬಿಟ್ಟುಹೋದ ಯಾರ ರಕ್ತವೂ ಇಂದು ಈ ಸೀಮೆಯ ಬಹುಪಾಲು ಮನೆಗಳಲ್ಲಿ ಹರಿಯುತ್ತಿರಬಹುದು. ಶರಣರದ್ದೂ ಹರಿಯುತ್ತಿರಬಹುದು, ಅವರನ್ನು ಬೇಟೆಯಾಡಿದ ಕಳಚುರಿ ದಂಡಿನವರದ್ದೂ ಹರಿಯುತ್ತಿರಬಹುದು. ಎಲ್ಲರಿಗೂ ಸೇರಿದ್ದನ್ನು ಒಂದು ಮನೆತನ ಪೇಟೆಂಟ್ ಮಾಡಿಸಿಕೊಳ್ಳಲಾಗದು.

ದಾಖಲೆಯ ಮಾತಂತೂ ಎತ್ತುವಂತೆಯೇ ಇಲ್ಲ. ಶರಣರ ಬದುಕಿನ ಬಗ್ಗೆ ನಮಗಿರುವುದು ಅವರ ವಚನಗಳು, ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ಮತ್ತು 1369ರ ಭೀಮಕವಿಯ ಬಸವಪುರಾಣದಂಥ ಕಾವ್ಯಗಳು, ಕೆಲವು ಶಾಸನಗಳು. ಇವುಗಳಲ್ಲಿ ಯಾವುದೂ 19ನೇ ಶತಮಾನದ ಭಾಲ್ಕಿಯ ಒಂದು ಮನೆಯವರೆಗೆ ಹೆಸರು ತಂದು ಮುಟ್ಟಿಸುವುದಿಲ್ಲ. ಅದಿರಲಿ, ಹುಟ್ಟಿನಿಂದ ಹಿರಿಮೆ ಬರುವುದಿಲ್ಲ ಎಂದು ಹೇಳಿ ಬೀದಿಪಾಲಾದವರ ರಕ್ತಸಂಬಂಧವನ್ನೇ ಹಿರಿಮೆ ಮಾಡಿಕೊಳ್ಳುವುದಕ್ಕೆ ಏನೆನ್ನಬೇಕು? ಈ ಸೀಮೆಯಲ್ಲಿ ನಿಜವಾಗಿ ಕೈದಾಟಿ ಬಂದ ದೊಡ್ಡ ಆಸ್ತಿಗಳು ರಕ್ತದಲ್ಲಿ ಬಂದಿಲ್ಲ. ಅಷ್ಟೂರಿನಲ್ಲಿ ಅಹಮದ್ ಶಾ ವಲಿಯ ಗುಮ್ಮಟದ ಒಳಗೋಡೆಗಳ ಮೇಲೆ ಬಣ್ಣದಲ್ಲಿ ಬರೆಸಿರುವುದು ದೊರೆಯ ಹುಟ್ಟಿನ ವಂಶವೃಕ್ಷವಲ್ಲ, ಸೂಫಿ ಸಂತ ಶಾ ನಿಯಾಮತುಲ್ಲಾ ಅವರ ಗುರುಪರಂಪರೆ. ಅದೇ ದೊರೆಯನ್ನು ಲಿಂಗಾಯತ ಭಕ್ತರು ಅಲ್ಲಮಪ್ರಭು ಎಂದು ಪೂಜಿಸುತ್ತಾರೆ. ಭಾಲ್ಕಿಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರು ಬಿಟ್ಟುಹೋದದ್ದೂ ಸಂತಾನವನ್ನಲ್ಲ, ಶಾಲೆಗಳನ್ನು.

‘ಯಾರ ಗಂಟು ಹೋಯಿತು’ ಎಂಬ ಕೊನೆಯ ವಾದಕ್ಕೆ ಬರುತ್ತೇನೆ. ಗಂಟು ಹೋಗಿದೆ, ಎರಡು ಕಡೆ.

ಒಂದು, ನಿಜವಾದ ಇತಿಹಾಸದ ಗಂಟು. 12ನೇ ಶತಮಾನದ ಬಗ್ಗೆ ತಾಸುಗಟ್ಟಲೆ ಹೇಳುವ ಮನೆಗಳು 1948ರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರ ದಾಳಿಗೆ ಜನ ಸತ್ತರು. ಗಡಿ ದಾಟಿ ಹೋದವರು, ನೆಂಟರ ಊರು ಸೇರಿದವರು ಲೆಕ್ಕವಿಲ್ಲ. ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನದ ಮೇಲೆ ನಡೆದ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯಲ್ಲಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಸುಂದರಲಾಲ್ ಸಮಿತಿಯ ವರದಿ ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಈ ಕಡೆಯ ಎಷ್ಟೋ ಕುಟುಂಬಗಳ ಊರು ಬದಲಾದದ್ದು, ಹೊಲ ಕೈಬಿಟ್ಟದ್ದು ಆ ಒಂದೇ ವರ್ಷದಲ್ಲಿ. ನಿಮ್ಮ ಮುತ್ಯಾ ಯಾವ ರಾತ್ರಿ ಯಾವ ಊರು ಬಿಟ್ಟರು, ಯಾರ ಹಗೇವಿನಲ್ಲಿ ಅಡಗಿದ್ದರು, ಬಾಗಿಲು ತೆರೆದ ನೆರೆಯವರು ಯಾರು, ಇವೇ ನಿಮ್ಮ ಮನೆತನದ ಮೂಲದ ಪ್ರಶ್ನೆಗಳು. ಇದರ ಉತ್ತರ ಗೊತ್ತಿದ್ದ ಕೊನೆಯ ತಲೆಮಾರು ಈಗ ಎಂಬತ್ತು ದಾಟಿದೆ. ಅವರನ್ನು ಮೂಲೆಯ ಮಂಚದಲ್ಲಿ ಬಿಟ್ಟು ನಾವು ಮೂಲಪುರುಷನ ಮೂರ್ತಿ ಮಾಡಿಸುತ್ತಿದ್ದೇವೆ. ಕಲ್ಯಾಣದ ಮೂಲ ಕೆಲವರಿಗೆ ಬೇಕಾಗಿರುವುದೇ 1948ನ್ನು ಮುಚ್ಚುವುದಕ್ಕಿರಬಹುದು ಎಂದು ನನ್ನ ಗುಮಾನಿ. ಒಂಬತ್ತು ಶತಮಾನದ ಹಿಂದಿನವರು ಯಾರ ಹೊಲವನ್ನೂ ವಾಪಸ್ ಕೇಳುವುದಿಲ್ಲ ನೋಡಿ.

ಎರಡು, ಬದುಕಿರುವವರ ಗಂಟು. ‘ನಾವು ಮೂಲದವರು’ ಎಂಬ ಮಾತಿನ ಬೆನ್ನಿಗೆ ‘ಅವರು ವಲಸೆ ಬಂದವರು’ ಎಂಬ ಮಾತು ಇದ್ದೇ ಇರುತ್ತದೆ. ಓಣಿಯ ಜಗಳದಲ್ಲಿ, ಹೆಣ್ಣು ಕೊಡುವ ಮಾತಿನಲ್ಲಿ, ಚುನಾವಣೆಯ ಭಾಷಣದಲ್ಲಿ ಈ ಸುಳ್ಳು ವಂಶಾವಳಿಗಳು ಕೆಲಸಕ್ಕೆ ಬರುತ್ತವೆ. ಕಾಗದ ಎಂಬುದು ಎಷ್ಟು ಭಾರದ ವಸ್ತು ಎಂಬುದನ್ನು ಗಡಿಯಾಚೆ ಇತ್ತೀಚೆಗೆ ನೋಡಿದ್ದೇವೆ. ನಿಜಾಮ ಕಾಲದ ದಾಖಲೆಗಳಲ್ಲಿ ಮರಾಠರ ಹಿರಿಯರನ್ನು ಕುಣಬಿ ಎಂದು ಬರೆದಿದೆಯೇ ಎಂದು ಹುಡುಕಲು ಮಹಾರಾಷ್ಟ್ರ ಸರಕಾರ 2023ರಲ್ಲಿ ನಿವೃತ್ತ ನ್ಯಾಯಮೂರ್ತಿ ಸಂದೀಪ ಶಿಂಧೆ ಸಮಿತಿ ಮಾಡಿತು. 2025ರ ಸೆಪ್ಟೆಂಬರ್ 2ರಂದು ಹೈದರಾಬಾದ್ ಗೆಜೆಟಿಯರ್ ಆಧಾರದ ಆದೇಶವನ್ನೂ ಹೊರಡಿಸಿತು. ಆ ಬೇಡಿಕೆ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಆದರೆ ಒಬ್ಬ ಪಟವಾರಿ ಅಂದು ಕಾಲಂನಲ್ಲಿ ಗೀಚಿದ ಒಂದು ಪದ ನೂರು ವರ್ಷದ ನಂತರ ಹುಡುಗನೊಬ್ಬನ ಕಾಲೇಜು ಸೀಟು ನಿರ್ಧರಿಸುವಾಗ, ವಂಶಾವಳಿ ಮನೆಯ ಅಲಂಕಾರದ ಪಟವಾಗಿ ಉಳಿಯುವುದಿಲ್ಲ. ಅದರಲ್ಲಿ ಸುಳ್ಳು ಸೇರಿಸುವವನು ತನ್ನ ಮನೆಯ ಗೋಡೆಗಷ್ಟೇ ಸುಣ್ಣ ಬಳಿಯುತ್ತಿಲ್ಲ.

ಉಗುಳು ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡು ಬಂದವರೂ ಈಗ ವಾದಕ್ಕಿಳಿಯುತ್ತಾರೆ. ಹತ್ತಿರದ ದಾಯಾದಿ ಹೌದೋ ಅಲ್ಲವೋ ಎಂಬುದನ್ನು ಆ ಪರೀಕ್ಷೆ ಚೆನ್ನಾಗಿ ಹೇಳುತ್ತದೆ. ಗಂಡು ಎಳೆಯ ವೈ ಕ್ರೋಮೋಸೋಮ್ ಬಹಳ ಹಿಂದಕ್ಕೂ ಹೋಗುತ್ತದೆ, ಆದರೆ ಕೋಟಿ ಎಳೆಗಳಲ್ಲಿ ಅದೊಂದೇ ಎಳೆಯ ಮಾತು. ಕಲ್ಯಾಣದ ಮುದ್ರೆಯಾಗಲಿ, ಬಹಮನಿ ಮಂತ್ರಿ ಗಾವಾನನ ಸೀಮೆಯಾದ ಗೀಲಾನಿನ ಮೊಹರಾಗಲಿ ಯಾವ ಜೀನಿನ ಮೇಲೂ ಇಲ್ಲ.

ಹಾಗಾದರೆ ಮೂಲ ಹುಡುಕುವುದೇ ಬೇಡವೇ? ಬೇಕು, ಆದರೆ ಮೇಲಿನಿಂದ ಕೆಳಗಿಳಿಯುವುದನ್ನು ಬಿಟ್ಟು ಕೆಳಗಿನಿಂದ ಹತ್ತಬೇಕು. ನಿಮ್ಮಿಂದ ಶುರು ಮಾಡಿ. ತಂದೆಯ ಶಾಲಾ ದಾಖಲಾತಿ ನೋಡಿ. ಜನ್ಮದಿನ ಜೂನ್ 1 ಎಂದಿದ್ದರೆ ಅದು ಹೆಡ್‌ಮಾಸ್ತರರು ಹುಟ್ಟಿಸಿದ ದಿನ ಎಂದು ತಿಳಿಯಿರಿ. ಕಾಗದವನ್ನೂ ಅನುಮಾನಿಸುವ ಅಭ್ಯಾಸ ಅಲ್ಲಿಂದಲೇ ಆಗಲಿ. ಆಮೇಲೆ ತಹಶೀಲಿನಲ್ಲಿ ಮ್ಯುಟೇಷನ್ ನಕಲು, ಅದರ ಹಿಂದೆ 1954–55ರ ಖಾಸ್ರಾ ಪಹಣಿ. ಅದರಲ್ಲಿ ಪಟ್ಟೇದಾರನ ಹೆಸರಿನ ಮಗ್ಗುಲಲ್ಲೇ ಉಳುಮೆ ಮಾಡುತ್ತಿದ್ದವನ ಹೆಸರೂ ಇರುತ್ತದೆ. ನಿಮ್ಮ ಮುತ್ಯಾ ಯಾವ ಕಾಲಂನಲ್ಲಿದ್ದಾರೆ ಎಂಬುದನ್ನು ಧೈರ್ಯವಾಗಿ ನೋಡಿ. ಅದಕ್ಕೂ ಹಿಂದೆ 19ನೇ ಶತಮಾನದ ಕೊನೆಯ ಸರ್ವೇ ಕಾಲದ ಸೇತ್ವಾರ್ ದಾಖಲೆ. ಇನಾಮು, ವತನ ಇದ್ದ ಮನೆಗಳಿಗೆ ವಿರಾಸತ್ (ವಾರಸುದಾರಿಕೆ) ವಿಚಾರಣೆಯ ಮುಂತಖಬ್ ಆದೇಶ, ಅದರ ಜತೆಗೆ ದಾಯಾದಿಗಳು ಪರಸ್ಪರ ಒಪ್ಪಿದ ಅಥವಾ ಕಚ್ಚಾಡಿದ ಶಜ್ರಾ, ಅಂದರೆ ವಂಶವೃಕ್ಷ. ಕಚ್ಚಾಡಿದ ಶಜ್ರಾವನ್ನು ಹೆಚ್ಚು ನಂಬಿ, ಎದುರು ಕಕ್ಷಿ ತಪ್ಪು ಹಿಡಿಯಲು ಕಾದಿದ್ದ ಕಾಗದ ಅದು. ತ್ರ್ಯಂಬಕೇಶ್ವರದ ಪುರೋಹಿತರ ವಹಿಯಲ್ಲಿ ನಿಮ್ಮವರ ಹೆಸರಿದ್ದರೆ, ಯಾತ್ರೆಗೆ ಹೋದ ದಿನವೇ ಬರೆಸಿದ್ದು ಯಾವುದು, ಆಮೇಲೆ ಕೇಳಿ ಸೇರಿಸಿದ್ದು ಯಾವುದು ಎಂದು ಬೇರ್ಪಡಿಸಿ.

ಹೆಂಗಸರನ್ನು ಹುಡುಕುವುದಕ್ಕೂ ದಾರಿಯಿದೆ. ಹಳೆಯ ಕಂದಾಯದ ಕಾಗದಗಳಲ್ಲಿ ‘ಜೌಜೆ’ ಎಂದಿದ್ದರೆ ಇಂಥವನ ಹೆಂಡತಿ, ‘ಬೇವಾ’ ಎಂದಿದ್ದರೆ ವಿಧವೆ. ಗಂಡ ಸತ್ತು ಹೊಲ ಹೆಸರಿಗೆ ಬಂದಾಗ ಮಾತ್ರ ಅವಳು ಸರಕಾರದ ಕಣ್ಣಿಗೆ ಬಿದ್ದಳು. ಅಲ್ಲಿ ಅವಳ ಹೆಸರು ಹಿಡಿದುಕೊಳ್ಳಿ, ಅವಳ ತವರೂರು ಕೇಳಿ, ಅಲ್ಲಿಗೆ ಹೋಗಿ. ನಿಮ್ಮ ಅರ್ಧ ಚರಿತ್ರೆ ಆ ಊರಿನಲ್ಲಿದೆ.

ಕಷ್ಟಗಳಿವೆ. 1880ರ ದಶಕದವರೆಗೆ ಮೇಲಿನ ಕಚೇರಿಗಳ ಭಾಷೆ ಪಾರ್ಸಿ, ಆಮೇಲೆ ಉರ್ದು. ಭಾಲ್ಕಿ, ಔರಾದ್ ಕಡೆಯ ಹಳ್ಳಿಯ ಲೆಕ್ಕಪತ್ರಗಳಲ್ಲಿ ಮೋಡಿ. 1956ರಲ್ಲಿ ಬೀದರ್ ಜಿಲ್ಲೆಯನ್ನೇ ಹಂಚಿದರು. ಉದಗೀರ, ನಿಲಂಗಾ, ಅಹಮದಪುರ ಮರಾಠಿ ಸೀಮೆಗೆ, ಜಹೀರಾಬಾದ್, ನಾರಾಯಣಖೇಡ ತೆಲುಗು ಸೀಮೆಗೆ ಹೋದವು. ಹಳೆಯ ದೊಡ್ಡ ದಫ್ತರುಗಳು ಹೈದರಾಬಾದಿನ ತಾರ್ನಾಕಾದ ಪತ್ರಾಗಾರದಲ್ಲಿ ಉಳಿದವು. ಒಂದು ಕುಟುಂಬದ ಕಾಗದ ಮೂರು ರಾಜ್ಯಗಳಲ್ಲಿ, ನಾಲ್ಕು ಲಿಪಿಗಳಲ್ಲಿ ಚದುರಿದೆ. ಸಮಾವೇಶಕ್ಕೆ, ಮೂರ್ತಿಗೆ ಲಕ್ಷಗಟ್ಟಲೆ ಸುರಿಯುವ ಸಮಾಜಗಳು ನಾಲ್ಕು ಹುಡುಗ ಹುಡುಗಿಯರಿಗೆ ಮೋಡಿ, ಉರ್ದು ಓದಲು ಕಲಿಸಿ ತಾರ್ನಾಕಾಕ್ಕೆ ಕಳಿಸಲಿ. ಹೆಳವರಿಗೆ ಜೋಳದ ಬದಲು ಗೌರವಧನ ಕೊಟ್ಟು, ಅವರ ಪುಸ್ತಕಗಳ ಪ್ರತಿ ಪುಟವನ್ನು ಇದ್ದಂತೆಯೇ ಫೋಟೊ ತೆಗೆಸಲಿ, ತಿದ್ದಿಸದೆ.

ಇಷ್ಟಾದ ಮೇಲೂ ಬಹುತೇಕ ಮನೆಗಳ ದಾರಿ ಐದಾರು ತಲೆಮಾರಿಗೆ ನಿಲ್ಲುತ್ತದೆ. ಭೂಮಿ ಇಲ್ಲದವರಿಗೆ ಮೂರಕ್ಕೇ ನಿಲ್ಲುತ್ತದೆ, ಏಕೆಂದರೆ ಅವರ ಹೆಸರು ಬರೆದುಕೊಳ್ಳುವ ಅಗತ್ಯ ಯಾವ ಸರಕಾರಕ್ಕೂ ಕಂಡಿರಲಿಲ್ಲ. ನಿಂತಲ್ಲಿ ನಿಲ್ಲಿ. ‘ಮುಂದೆ ಗೊತ್ತಿಲ್ಲ’ ಎಂದು ಬರೆಯಿರಿ. ಆ ಎರಡು ಪದ ಅಚ್ಚಾದ ಒಂದೇ ಒಂದು ವಂಶಾವಳಿ ಪುಸ್ತಿಕೆಯನ್ನು ಬೀದರ್ ಜಿಲ್ಲೆಯಲ್ಲಿ ನಾನಿನ್ನೂ ನೋಡಿಲ್ಲ. ನೋಡಿದ ದಿನ ಅದರ ಉಳಿದ ಪುಟಗಳನ್ನೆಲ್ಲ ಕಣ್ಣುಮುಚ್ಚಿ ನಂಬುತ್ತೇನೆ.

ಅಲ್ಲಿಯವರೆಗೆ ವಂಶಾವಳಿ ಅಚ್ಚು ಹಾಕಿಸಲು ಹೊರಟ ಪ್ರತಿ ಸಮಿತಿಗೂ ನನ್ನ ಪ್ರಶ್ನೆಗಳು ಮೂರೇ. ಪ್ರತಿ ಹೆಸರಿಗೂ ಯಾವ ಕಾಗದ, ಯಾರ ಬಾಯಿ ಆಧಾರ ಎಂದು ಪಕ್ಕದಲ್ಲಿ ಬರೆದಿದ್ದೀರಾ? 1948ರಲ್ಲಿ ನಿಮ್ಮವರು ಎಲ್ಲಿದ್ದರು ಎಂಬುದು ಅದರಲ್ಲಿದೆಯೇ? ನಿಮ್ಮ ಮುತ್ಯಾನ ತಾಯಿಯ ಹೆಸರೇನು? ಮೂರಕ್ಕೂ ಉತ್ತರವಿಲ್ಲದಿದ್ದರೆ ಪ್ರೆಸ್ಸಿಗೆ ಕೊಟ್ಟ ಮುಂಗಡ ವಾಪಸ್ ಪಡೆದು, ಆ ಹಣದಲ್ಲಿ ಖಾಸ್ರಾ ಪಹಣಿಯ ನಕಲು ತೆಗೆಸಿಕೊಳ್ಳಿ.